ಹುಣಸೆಬೀಜದಲ್ಲಿ 209 ಅಣುಗಳು

ಬೆಂಗಳೂರು ಮೆಟ್ರೊದ ಹಸಿರು ಮಾರ್ಗದಲ್ಲಿ ಯಶವಂತಪುರ, ಗೊರಗುಂಟೆಪಾಳ್ಯ ದಾಟಿದ ಮೇಲೆ ಪೀಣ್ಯ ಬರುತ್ತದೆ. ಅಲ್ಲಿ ಕಿಟಕಿಯಿಂದ ಕೆಳಗೆ ನೋಡಿದರೆ ಕಣ್ಣು ಹಾಯಿಸಿದಷ್ಟು ದೂರವೂ ಶೀಟಿನ ಮಾಡುಗಳೇ. ಲೇತ್ ಯಂತ್ರಗಳ ಶೆಡ್ಡು, ಗಾರ್ಮೆಂಟ್ಸ್ ಫ್ಯಾಕ್ಟರಿ, ಲೋಹಕ್ಕೆ ಹೊಳಪು ಕೊಡುವ ಪ್ಲೇಟಿಂಗ್ ಶಾಪು, ಮೋಟಾರ್ ರಿವೈಂಡಿಂಗ್ ಅಂಗಡಿ. ಇವಕ್ಕೆಲ್ಲ ಹಗಲೂ ರಾತ್ರಿ ಕರೆಂಟು ಬೇಕು. ಅದಕ್ಕೇ ಪೀಣ್ಯದಲ್ಲಿ ಬೀದಿಗೊಂದು ಎರಡು ಟ್ರಾನ್ಸ್‌ಫಾರ್ಮರ್ ಕಾಣಿಸುತ್ತವೆ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಹಿಂದೆಯೂ ಇವೆ, ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ಸುಗಳ ಮೂಲೆಯಲ್ಲೂ ಇವೆ.

ಮಕ್ಕಳೇ, ಮುಂದಿನ ಸಲ ಟ್ರಾನ್ಸ್‌ಫಾರ್ಮರ್ ಕಂಡಾಗ ಬೇಲಿಯ ಈಚೆಯೇ ನಿಂತು, ದೂರದಿಂದಲೇ, ಚೆನ್ನಾಗಿ ನೋಡಿ. ಸಣ್ಣಗೆ 'ಗುಂಯ್' ಅನ್ನುವ ಸದ್ದು ಕೇಳಿಸುತ್ತದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ. ಅದರ ಕಾಂತಶಕ್ತಿಗೆ ಸಿಕ್ಕಿ ಒಳಗಿನ ಉಕ್ಕಿನ ತಗಡುಗಳು ಸೆಕೆಂಡಿಗೆ 100 ಸಲ ಕೂದಲೆಳೆಗಿಂತ ಎಷ್ಟೋ ಸಣ್ಣ ಅಳತೆಯಲ್ಲಿ ಹಿಗ್ಗಿ ಕುಗ್ಗುತ್ತವೆ. ಸದ್ದು ಅದರದು. ಪಕ್ಕದಲ್ಲಿ ಸಾಲಾಗಿ ತಗಡಿನ ರೆಕ್ಕೆಗಳಿರುತ್ತವೆ, ಬಿಸಿಯನ್ನು ಗಾಳಿಗೆ ಬಿಡಲು. ಕೆಲವದರಲ್ಲಿ ಒಂದು ಗಾಜಿನ ಡಬ್ಬಿ ನೇತಾಡುತ್ತಿರುತ್ತದೆ, ಅದರೊಳಗೆ ನೀಲಿ ಹರಳುಗಳು. ಟ್ರಾನ್ಸ್‌ಫಾರ್ಮರ್ ಬಿಸಿಯಾಗಿ ತಣಿಯುವಾಗ ಹೊರಗಿನ ಗಾಳಿ ಒಳಗೆ ಹೋಗುತ್ತದಲ್ಲ, ಆ ಗಾಳಿಯ ತೇವವನ್ನು ಈ ಸಿಲಿಕಾ ಜೆಲ್ ಹರಳುಗಳು ಹೀರಿಕೊಳ್ಳುತ್ತವೆ. ಹೀರಿ ಹೀರಿ ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ಆಯಿತೆಂದರೆ ಹರಳು ಬದಲಾಯಿಸುವ ಹೊತ್ತು ಬಂತು ಎಂದು ಲೈನ್‌ಮನ್‌ಗೆ ಗೊತ್ತಾಗುತ್ತದೆ.

ತೇವದ ಮೇಲೆ ಇಷ್ಟೊಂದು ಎಚ್ಚರ ಏಕೆ? ಒಳಗೆ ಎಣ್ಣೆ ಇದೆ, ಅದಕ್ಕೆ. ತಾಮ್ರ ಅಥವಾ ಅಲ್ಯೂಮಿನಿಯಂ ಸುರುಳಿಗಳು ಎಣ್ಣೆಯಲ್ಲಿ ಮುಳುಗಿ ಕೂತಿರುತ್ತವೆ. ಎಣ್ಣೆ ಅವುಗಳ ಬಿಸಿಯನ್ನು ರೆಕ್ಕೆಗಳಿಗೆ ಸಾಗಿಸುತ್ತದೆ. ಒಂದು ಸುರುಳಿಯಿಂದ ಇನ್ನೊಂದಕ್ಕೆ ಕರೆಂಟು ಹಾರದಂತೆ ತಡೆಯುವುದೂ ಅದೇ, ತೇವ ಸೇರಿದರೆ ಆ ತಡೆ ಸಡಿಲವಾಗುತ್ತದೆ. ಈಗ ಬಹುಪಾಲು ಕಡೆ ಬಳಸುವುದು ಕಚ್ಚಾ ತೈಲದಿಂದ ತೆಗೆದ ಖನಿಜ ಎಣ್ಣೆ. ಅದಕ್ಕೊಂದು ದೋಷ ಇದೆ, ತುಂಬಾ ಕಾದರೆ ಹೊತ್ತಿಕೊಳ್ಳುತ್ತದೆ.

ಹೊತ್ತಿಕೊಳ್ಳದ ಎಣ್ಣೆ ಸಿಕ್ಕಿದರೆ ಎಷ್ಟು ಚೆನ್ನ ಎಂದು ಎಂಜಿನಿಯರುಗಳು ಹುಡುಕುತ್ತಿದ್ದ ಕಾಲದಲ್ಲಿ, 1929ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಆನಿಸ್ಟನ್ ಊರಿನಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಸ್ತುವನ್ನು ಮಾರಾಟಕ್ಕೆಂದು ತಯಾರಿಸತೊಡಗಿದರು. ಉದ್ದ ಹೆಸರು, ಪಿಸಿಬಿ ಎಂದೇ ಕರೆಯೋಣ. (ಎಲೆಕ್ಟ್ರಾನಿಕ್ ಸಿಟಿಯ ಮಕ್ಕಳಿಗೆ ಪಿಸಿಬಿ ಅಂದರೆ ಫೋನಿನೊಳಗಿನ ಹಸಿರು ಹಲಗೆ ನೆನಪಾಗುತ್ತದೆ. ಅದು ಬೇರೆ, ಇದು ಬೇರೆ.) ಈ ಎಣ್ಣೆ ಸುಲಭಕ್ಕೆ ಹೊತ್ತುವುದಿಲ್ಲ, ಕರೆಂಟು ಹಾಯಿಸುವುದಿಲ್ಲ, ಆಮ್ಲಕ್ಕೂ ಕ್ಷಾರಕ್ಕೂ ಜಗ್ಗುವುದಿಲ್ಲ, ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಎಲ್ಲರಿಗೂ ಬಹಳ ಹಿಡಿಸಿತು. ಜಗತ್ತಿನ ತುಂಬ ಟ್ರಾನ್ಸ್‌ಫಾರ್ಮರು, ಕೆಪಾಸಿಟರುಗಳಿಗೆ ಅದನ್ನು ತುಂಬಿದರು. ಹೊರದೇಶದಿಂದ ತರಿಸಿದ ಯಂತ್ರಗಳ ಹೊಟ್ಟೆಯಲ್ಲಿ ಕೂತು ಅದು ಭಾರತಕ್ಕೂ ಬಂತು.

ಕೆಡದ ವಸ್ತು ಯಂತ್ರದೊಳಗೆ ಇದ್ದಷ್ಟು ದಿನ ಅನುಕೂಲ. ಸೋರಿ ಮಣ್ಣಿಗೆ, ಕೆರೆಗೆ ಹೋದ ಮೇಲೂ ಅದು ಕೆಡುವುದಿಲ್ಲವಲ್ಲ. ಮುಂದಿನ ಕಥೆಯೆಲ್ಲ ಇದರದೇ. ಅದನ್ನು ಹೇಳುವ ಮೊದಲು ನೀವು ಈ ಅಣುವನ್ನು ಕೈಯಾರೆ ಮಾಡಿ ನೋಡಬೇಕು.

ರಟ್ಟಿನಲ್ಲಿ ಎರಡು ಷಟ್ಕೋನ ಕತ್ತರಿಸಿ, ಅಂಗೈಯಷ್ಟು ದೊಡ್ಡದು ಸಾಕು. ಒಂದರ ಮೂಲೆಯನ್ನೂ ಇನ್ನೊಂದರ ಮೂಲೆಯನ್ನೂ ತೆಂಗಿನ ಪೊರಕೆಯ ಒಂದು ಕಡ್ಡಿಯಿಂದ ಜೋಡಿಸಿ. ಒಂದು ಷಟ್ಕೋನವನ್ನು ಕೈಯಲ್ಲಿ ಹಿಡಿದು ಇನ್ನೊಂದನ್ನು ಕಡ್ಡಿಯ ಸುತ್ತ ತಿರುಗಿಸಲು ಬರುವಂತಿರಲಿ. ಪ್ರತಿ ಷಟ್ಕೋನವೂ ಒಂದು ಬೆಂಜೀನ್ ಉಂಗುರ, ಅದರ ಆರು ಮೂಲೆಗಳೂ ಆರು ಕಾರ್ಬನ್ ಪರಮಾಣುಗಳು. ಕಡ್ಡಿ ಕೂತ ಮೂಲೆಗೆ 1 ಎಂದು ಬರೆದು ಉಳಿದವಕ್ಕೆ ಸುತ್ತಲೂ 2, 3, 4, 5, 6 ಎಂದು ಬರೆಯಿರಿ. ಹೀಗೆ ಎರಡೂ ಉಂಗುರಗಳಲ್ಲಿ ಐದೈದು, ಒಟ್ಟು ಹತ್ತು ಮೂಲೆ ಖಾಲಿ ಉಳಿಯಿತು. ಅಲ್ಲಿ ಒಂದೊಂದು ಹೈಡ್ರೊಜನ್ ಕೂತಿದ್ದರೆ ಅದು ಬರಿಯ ಬೈಫಿನೈಲ್. ಯಾವುದಾದರೂ ಮೂಲೆಯಿಂದ ಹೈಡ್ರೊಜನ್ ಎದ್ದು ಅಲ್ಲಿ ಕ್ಲೋರಿನ್ ಬಂದು ಕೂತರೆ ಪಿಸಿಬಿ. ಕ್ಲೋರಿನ್‌ಗೆ ಹುಣಸೆಬೀಜ ತೆಗೆದುಕೊಳ್ಳೋಣ, ಅಂಟು ಹಚ್ಚಿ ಕೂರಿಸಿದರೆ ಬೀಳುವುದಿಲ್ಲ.

ಮೊದಲು ಒಂದೇ ಬೀಜ. ಹತ್ತು ಮೂಲೆ ಇರುವುದರಿಂದ ಹತ್ತು ಬಗೆಯ ಅಣು ಆಗಬೇಕು ಅನ್ನಿಸುತ್ತದೆ. ಆಗುವುದಿಲ್ಲ. ಬೀಜವನ್ನು ಎಡ ಉಂಗುರದ 2ರಲ್ಲಿ ಇಟ್ಟರೂ 6ರಲ್ಲಿ ಇಟ್ಟರೂ, ರಟ್ಟನ್ನು ಮಗುಚಿ ನೋಡಿದರೆ ಎರಡೂ ಒಂದೇ. ಬಲ ಉಂಗುರದಲ್ಲಿ ಇಟ್ಟು ಇಡೀ ಮಾದರಿಯನ್ನು ತಿರುಗಿಸಿ ಹಿಡಿದರೆ ಆಗಲೂ ಅದೇ. ಕಡ್ಡಿಗೆ ಹತ್ತಿರದ ಮೂಲೆ, ಅದರಾಚೆಯ ಮೂಲೆ, ತುತ್ತತುದಿಯ ಮೂಲೆ, ಬೇರೆ ಬೇರೆ ಎನ್ನಲು ಇರುವುದು ಈ ಮೂರೇ. ಹಾಗಾಗಿ ಒಂದು ಕ್ಲೋರಿನ್‌ನ ಪಿಸಿಬಿಗಳು 3.

ಈಗ ಎರಡು ಬೀಜ. ಎರಡನ್ನೂ ಒಂದೇ ಉಂಗುರದಲ್ಲಿ ಕೂರಿಸುವುದಾದರೆ 2-3, 2-4, 2-5, 2-6, 3-4, 3-5, ಒಟ್ಟು ಆರು ಬಗೆ. ಬೇರೆ ಯಾವ ಜೋಡಿ ಇಟ್ಟರೂ ಮಗುಚಿದಾಗ ಈ ಆರರಲ್ಲಿ ಒಂದು ಆಗಿಬಿಡುತ್ತದೆ, ಮಾಡಿ ನೋಡಿ. ಉಂಗುರಕ್ಕೊಂದು ಬೀಜ ಎಂದಾದರೆ ಹತ್ತಿರ-ಹತ್ತಿರ, ಹತ್ತಿರ-ನಡು, ಹತ್ತಿರ-ತುದಿ, ನಡು-ನಡು, ನಡು-ತುದಿ, ತುದಿ-ತುದಿ, ಮತ್ತೆ ಆರು. ಅಲ್ಲಿಗೆ 12.

ಮೂರು ಬೀಜಕ್ಕೆ 24, ನಾಲ್ಕಕ್ಕೆ 42, ಐದಕ್ಕೆ 46. ಆರಕ್ಕೆ ಮತ್ತೆ 42! ಏಳಕ್ಕೆ 24, ಎಂಟಕ್ಕೆ 12, ಒಂಬತ್ತಕ್ಕೆ 3, ಹತ್ತಕ್ಕೆ 1. ಏರಿದ ಲೆಕ್ಕ ಅದೇ ಮೆಟ್ಟಿಲಲ್ಲಿ ಇಳಿಯಿತು, ಗಮನಿಸಿದಿರಾ? ಒಂಬತ್ತು ಮೂಲೆಯಲ್ಲಿ ಬೀಜ ಇದ್ದರೆ ಒಂದೇ ಮೂಲೆ ಖಾಲಿ. ಒಂದು ಬೀಜವನ್ನು ಇಡುವ ಬಗೆ ಎಷ್ಟೋ ಒಂದು ಮೂಲೆಯನ್ನು ಖಾಲಿ ಬಿಡುವ ಬಗೆಯೂ ಅಷ್ಟೇ. ಎಲ್ಲವನ್ನೂ ಕೂಡಿಸಿ. 209 ಬರುತ್ತದೆ. ಜಗತ್ತಿನಲ್ಲಿ ಇರಲು ಸಾಧ್ಯವಿರುವ ಪಿಸಿಬಿಗಳೇ ಅಷ್ಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪ್ರಯೋಗಾಲಯಕ್ಕೆ ಕಾಲಿಡದೆ, ಬರೀ ರಟ್ಟು ಬೀಜ ಹಿಡಿದು ಇಷ್ಟು ಖಚಿತವಾಗಿ ಹೇಳಬಹುದು ಅನ್ನುವುದು ನನಗೆ ಈಗಲೂ ತುಂಬಾ ಸಂತೋಷ ಕೊಡುವ ಸಂಗತಿ. 1980ರಲ್ಲಿ ಬಾಲ್‌ಷ್ಮಿಟರ್ ಮತ್ತು ಝೆಲ್ ಎಂಬ ಇಬ್ಬರು ಜರ್ಮನ್ ರಸಾಯನ ವಿಜ್ಞಾನಿಗಳು ಇವಕ್ಕೆಲ್ಲ 1ರಿಂದ 209ರವರೆಗೆ ನಂಬರು ಕೊಟ್ಟರು. ಇವತ್ತಿಗೂ ಎಲ್ಲ ಲ್ಯಾಬುಗಳಲ್ಲಿ ಪಿಸಿಬಿ 77, ಪಿಸಿಬಿ 126 ಎಂದೇ ಕರೆಯುತ್ತಾರೆ.

ಫ್ಯಾಕ್ಟರಿಯಲ್ಲಿ ತಯಾರಾದ ಎಣ್ಣೆ ಒಂದೇ ನಂಬರಿನದಾಗಿರಲಿಲ್ಲ. ಬೈಫಿನೈಲ್‌ಗೆ ಕ್ಲೋರಿನ್ ಅನಿಲ ಹಾಯಿಸಿದಾಗ ಹತ್ತಾರು ನಂಬರುಗಳು ಕಲಸಿಕೊಂಡೇ ಬರುತ್ತಿದ್ದವು. ಹಾಗಾಗಿ ಯಾವ ನಂಬರು ಎಷ್ಟು ಅಪಾಯ, ಯಾವುದು ನೀರಿನಲ್ಲಿ ಉಳಿಯುತ್ತದೆ, ಯಾವುದು ಮೀನಿನ ಕೊಬ್ಬಿಗೆ ಸೇರುತ್ತದೆ ಎಂದು ಬಿಡಿಸಿ ತಿಳಿಯುವುದು ಬಹಳ ಕಷ್ಟ. 209ನ್ನೂ ಶುದ್ಧವಾಗಿ ತಯಾರಿಸಿ, ಬಾಟಲಿಗೆ ತುಂಬಿ, ಒಂದೊಂದರ ಗುಣವನ್ನೂ ಅಳೆಯಲು ಹೊರಟರೆ ವರ್ಷಗಟ್ಟಲೆ ಕೆಲಸ, ಅಳೆಯುವವರ ಮೈಗೂ ಅಪಾಯ. ಕಂಪ್ಯೂಟರ್ ನೆರವಿಗೆ ಬಂದದ್ದು ಇಲ್ಲಿ.

ಮಾದರಿಯನ್ನು ಮತ್ತೆ ಕೈಗೆ ತೆಗೆದುಕೊಳ್ಳಿ. ಎರಡೂ ಷಟ್ಕೋನಗಳನ್ನು ಮೇಜಿನ ಮೇಲೆ ಸಪಾಟಾಗಿ ಮಲಗಿಸಿ. ಕಡ್ಡಿಯ ಅಕ್ಕಪಕ್ಕದ ನಾಲ್ಕು ಮೂಲೆಗಳು, ಅಂದರೆ ಎರಡೂ ಉಂಗುರಗಳ 2 ಮತ್ತು 6, ಎದುರುಬದುರಾಗಿ ಒಂದಕ್ಕೊಂದು ತೀರಾ ಹತ್ತಿರ ಬರುತ್ತವೆ. ಅಲ್ಲಿ ಸಣ್ಣ ಹೈಡ್ರೊಜನ್‌ಗಳಿದ್ದರೆ ಸ್ವಲ್ಪ ಇಕ್ಕಟ್ಟು, ಅಷ್ಟೇ. ಅಲ್ಲಿ ದಪ್ಪ ಹುಣಸೆಬೀಜ ಇಡಿ, ಬೀಜಗಳು ಒಂದಕ್ಕೊಂದು ತಾಗುತ್ತವೆ. ಬೀಜಕ್ಕೆ ಜಾಗ ಮಾಡಿಕೊಡಬೇಕಾದರೆ ಒಂದು ಉಂಗುರ ತಿರುಚಿಕೊಂಡು ಎದ್ದು ನಿಲ್ಲಲೇಬೇಕು. ನಿಜವಾದ ಅಣುವಿನಲ್ಲೂ ಹೀಗೇ ಆಗುತ್ತದೆ. ಬರಿಯ ಬೈಫಿನೈಲ್ ಅನಿಲವಾಗಿರುವಾಗ ಅದರ ಎರಡು ಉಂಗುರಗಳ ನಡುವೆ ಸುಮಾರು 44 ಡಿಗ್ರಿ ಕೋನ ಇರುತ್ತದೆ. ನಾಲ್ಕೂ ಹತ್ತಿರದ ಮೂಲೆಗಳಲ್ಲಿ ಕ್ಲೋರಿನ್ ಕೂತರೆ ಕೋನ 90 ಡಿಗ್ರಿಯ ಹತ್ತಿರ, ಒಂದು ಉಂಗುರ ಮಲಗಿದರೆ ಇನ್ನೊಂದು ನೆಟ್ಟಗೆ ನಿಂತಿರುತ್ತದೆ.

ಕಂಪ್ಯೂಟರ್ ಇದನ್ನು ಹೇಗೆ ಕಂಡುಹಿಡಿಯುತ್ತದೆ? ಅದರ ಕಣ್ಣಿಗೆ ಅಣು ಅಂದರೆ ಪರಮಾಣುಗಳ ಕೇಂದ್ರಗಳೂ (ನ್ಯೂಕ್ಲಿಯಸ್) ಅವುಗಳ ಸುತ್ತ ಹರಡಿಕೊಂಡ ಎಲೆಕ್ಟ್ರಾನ್‌ಗಳೂ. ಕಾರ್ಬನ್‌ಗೆ 6 ಎಲೆಕ್ಟ್ರಾನ್, ಹೈಡ್ರೊಜನ್‌ಗೆ 1, ಕ್ಲೋರಿನ್‌ಗೆ 17. ಐದು ಕ್ಲೋರಿನ್ ಇರುವ ಪಿಸಿಬಿ 126ರಲ್ಲಿ ಹನ್ನೆರಡು ಕಾರ್ಬನ್, ಐದು ಹೈಡ್ರೊಜನ್. ಕೂಡಿಸಿದರೆ 72, 5 ಮತ್ತು 85, ಒಟ್ಟು 162 ಎಲೆಕ್ಟ್ರಾನ್. ಪ್ರತಿಯೊಂದೂ ಆ ಕೇಂದ್ರಗಳ ಕಡೆ ಸೆಳೆಯಲ್ಪಡುತ್ತದೆ, ಉಳಿದ 161ರಿಂದ ದೂರ ಸರಿಯಲು ನೋಡುತ್ತದೆ. ಈ ಎಳೆದಾಟವನ್ನೆಲ್ಲ ಒಟ್ಟು ಹಾಕಿ 'ಈ ಕೋನದಲ್ಲಿ ಅಣುವಿನ ಶಕ್ತಿ ಇಷ್ಟು' ಎಂದು ಒಂದು ಸಂಖ್ಯೆ ಕೊಡುವುದು ಕಂಪ್ಯೂಟರಿನ ಕೆಲಸ. ಉಂಗುರವನ್ನು 0 ಡಿಗ್ರಿಯಲ್ಲಿಟ್ಟು ಒಂದು ಸಲ ಲೆಕ್ಕ, 10 ಡಿಗ್ರಿಗೆ ತಿರುಗಿಸಿ ಇನ್ನೊಂದು ಸಲ, ಹೀಗೆ 180ರವರೆಗೆ. ಬಂದ ಸಂಖ್ಯೆಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಏರಿಳಿತದ ಗೆರೆ ಬರುತ್ತದೆ. ಗೆರೆ ಎಲ್ಲಿ ತೀರಾ ಕೆಳಗಿದೆಯೋ ಆ ಕೋನದಲ್ಲಿ ಅಣು ನೆಮ್ಮದಿಯಾಗಿ ಇರುತ್ತದೆ. ಎಲ್ಲಿ ಏರು ಇದೆಯೋ ಅದನ್ನು ದಾಟಲು ಅಷ್ಟು ಶಕ್ತಿ ಬೇಕು.

ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ಹಿಂಬಾಲಿಸದೆ, ಎಲ್ಲಿ ಎಷ್ಟು ದಟ್ಟವಾಗಿವೆ ಎಂಬುದೊಂದನ್ನೇ ಹಿಡಿದು ಶಕ್ತಿ ಲೆಕ್ಕ ಹಾಕಬಹುದು ಎಂದು 1960ರ ದಶಕದಲ್ಲಿ ದಾರಿ ತೋರಿಸಿದವರು ವಾಲ್ಟರ್ ಕೋನ್. ರಸಾಯನ ವಿಜ್ಞಾನದ ಇಂಥ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಮಾಡುವ ವಿಧಾನಗಳನ್ನು ಬೆಳೆಸಿದವರು ಜಾನ್ ಪೋಪಲ್. 1998ರ ರಸಾಯನ ವಿಜ್ಞಾನದ ನೊಬೆಲ್ ಈ ಇಬ್ಬರಿಗೂ ಸೇರಿ ಬಂತು. ಅದಕ್ಕೊಂದು ವರ್ಷ ಮೊದಲು, 1997ರಲ್ಲಿ, ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 209 ಪಿಸಿಬಿಗಳಲ್ಲೂ ಉಂಗುರ ತಿರುಗಲು ಎಷ್ಟು ಅಡ್ಡಿ ಇದೆ ಎಂಬ ಲೆಕ್ಕವನ್ನು ಪ್ರಕಟಿಸಿದ್ದರು. ಇವತ್ತು ಒಂದು ಪಿಸಿಬಿಯ ಲೆಕ್ಕಕ್ಕೆ ವೈಟ್‌ಫೀಲ್ಡಿನ ಯಾರ ಮನೆಯ ಒಳ್ಳೆಯ ಲ್ಯಾಪ್‌ಟಾಪಾದರೂ ಸಾಕು. ಆ ಅಣು ಮೈಯೊಳಗಿನ ದೊಡ್ಡ ಪ್ರೋಟೀನಿಗೆ ಹೇಗೆ ಅಂಟುತ್ತದೆ ಎಂದು, ಸುತ್ತಲಿನ ನೀರನ್ನೂ ಸೇರಿಸಿ, ಕ್ಷಣಕ್ಷಣವೂ ನೋಡಬೇಕಾದರೆ ಮಾತ್ರ ಭಾರಿ ಯಂತ್ರ ಬೇಕಾಗುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಅಂಥದ್ದು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ 33ರ ಮುಂದೆ 14 ಸೊನ್ನೆ ಹಾಕಿದರೆ ಎಷ್ಟಾಗುತ್ತದೋ ಸೆಕೆಂಡಿಗೆ ಅಷ್ಟು ಲೆಕ್ಕ.

ಉಂಗುರ ತಿರುಚಿಕೊಂಡರೆ ನಮಗೇನು ಎಂದು ಕೇಳುತ್ತೀರಿ. ನಮ್ಮ ಜೀವಕೋಶದೊಳಗೆ ಒಂದು ಪ್ರೋಟೀನ್ ಇದೆ. ಅದರಲ್ಲಿ ಅಂಚೆಪೆಟ್ಟಿಗೆಯ ಬಾಯಿಯಂಥ ಕಿರಿದಾದ ಸಂದು. ಸಪಾಟಾದ ಕಾಗದ ಸಲೀಸಾಗಿ ಒಳಗೆ ಇಳಿಯುತ್ತದೆ, ಮಡಚಿ ಅಡ್ಡ ನಿಂತದ್ದು ಇಳಿಯುವುದಿಲ್ಲ. ಡಯಾಕ್ಸಿನ್ ಎಂಬ ಭಾರಿ ವಿಷದ ಅಣುಗಳು ಸಪಾಟು, ಅವು ಈ ಸಂದಿನಲ್ಲಿ ಕೂತು ಜೀವಕೋಶಕ್ಕೆ ಬೇಡದ ಆಜ್ಞೆಗಳನ್ನು ಕೊಡಿಸುತ್ತವೆ. 209 ಪಿಸಿಬಿಗಳಲ್ಲಿ ಸಪಾಟಾಗಬಲ್ಲ 12 ಮಾತ್ರ ಡಯಾಕ್ಸಿನ್‌ನಂತೆ ನಡೆದುಕೊಳ್ಳುತ್ತವೆ. ಆ ಹನ್ನೆರಡರಲ್ಲಿ ನಾಲ್ಕಕ್ಕೆ ಕಡ್ಡಿಯ ಪಕ್ಕದಲ್ಲಿ ಒಂದೂ ಕ್ಲೋರಿನ್ ಇಲ್ಲ, ಉಳಿದ ಎಂಟಕ್ಕೆ ಒಂದೇ ಒಂದು ಇದೆ.

ಈಗ ಬೀಜ ಇಟ್ಟು ಇದೊಂದನ್ನು ಮಾಡಿ. ಎರಡೂ ಉಂಗುರಗಳ 3 ಮತ್ತು 4ರಲ್ಲಿ ಬೀಜ ಇಡಿ. ನಾಲ್ಕು ಬೀಜದ ಇದು ಪಿಸಿಬಿ 77. ಒಂದೇ ಒಂದು ಉಂಗುರದ 5ರಲ್ಲಿ ಇನ್ನೊಂದು ಬೀಜ ಸೇರಿಸಿ, ಅದು ಪಿಸಿಬಿ 126 ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ 2005ರ ಪಟ್ಟಿಯಲ್ಲಿ ಅತಿ ಕೆಟ್ಟ ಡಯಾಕ್ಸಿನ್‌ಗೆ 1 ಅಂಕ ಎಂದಿಟ್ಟುಕೊಂಡರೆ ಪಿಸಿಬಿ 77ಕ್ಕೆ 0.0001, ಪಿಸಿಬಿ 126ಕ್ಕೆ 0.1. ಒಂದು ಕ್ಲೋರಿನ್ ಹೆಚ್ಚಾದದ್ದಕ್ಕೆ ವಿಷ ಸಾವಿರ ಪಟ್ಟು! ಹಾಗಂತ ಉಳಿದ 197 ಸಾಧು ಎಂದು ತಿಳಿಯಬೇಡಿ. ಅವು ಬೇರೆ ದಾರಿಗಳಲ್ಲಿ ಕೆಡುಕು ಮಾಡುತ್ತವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಪಿಸಿಬಿಗಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾಗಿ ಹೇಳಿತು. ಮೂರು ನಾಲ್ಕು ಹತ್ತಿರದ ಮೂಲೆಗಳಲ್ಲಿ ಕ್ಲೋರಿನ್ ಇರುವ ಕೆಲವು ಪಿಸಿಬಿಗಳಲ್ಲಿ ಉಂಗುರ ಎಷ್ಟು ಗಟ್ಟಿಯಾಗಿ ಸಿಕ್ಕಿಕೊಂಡಿರುತ್ತದೆ ಎಂದರೆ, ಎಡಕ್ಕೆ ತಿರುಚಿದ್ದು ಬಲಕ್ಕೆ ಬರುವುದೇ ಇಲ್ಲ. ಎಡಗೈ, ಬಲಗೈ ಇದ್ದಂತೆ ಎರಡು ರೂಪಗಳಾಗಿ ಉಳಿದುಬಿಡುತ್ತವೆ. ಅಂಥವು 19. ಇದನ್ನೂ ಲೆಕ್ಕವೇ ಮೊದಲು ಹೇಳಿತು.

ಪಿಸಿಬಿ ಸೋರಿ ಎಲ್ಲಿಗೆ ಹೋಗುತ್ತದೆ ಎಂಬುದು ಬಹಳ ವರ್ಷ ಯಾರಿಗೂ ಹೊಳೆದಿರಲಿಲ್ಲ. ಸ್ವೀಡನ್ನಿನ ಸೋರೆನ್ ಯೆನ್ಸೆನ್ ಎಂಬ ರಸಾಯನ ವಿಜ್ಞಾನಿ 1960ರ ದಶಕದಲ್ಲಿ ಮೀನುಗಳಲ್ಲಿ ಡಿಡಿಟಿ ಎಂಬ ಕೀಟನಾಶಕವನ್ನು ಹುಡುಕುತ್ತಿದ್ದರು. ಅವರ ಯಂತ್ರ ಡಿಡಿಟಿಯ ಗೆರೆಗಳ ಜೊತೆಗೆ ಗುರುತೇ ಸಿಗದ ಇನ್ನಷ್ಟು ಗೆರೆಗಳನ್ನು ಬರೆಯುತ್ತಿತ್ತು. ಬೇರೆಯವರಾದರೆ ಯಂತ್ರದ ದೋಷ ಎಂದು ಬಿಟ್ಟುಬಿಡುತ್ತಿದ್ದರೇನೋ. ಯೆನ್ಸೆನ್ ಬಿಡಲಿಲ್ಲ, ಬೆನ್ನು ಹತ್ತಿದರು. ಸಂಗ್ರಹಾಲಯದಲ್ಲಿಟ್ಟಿದ್ದ ಹಳೆಯ ಹದ್ದುಗಳ ಗರಿ ನೋಡಿದರು. ತಮ್ಮ ಕೂದಲು, ಹೆಂಡತಿಯ ಕೂದಲು, ಪುಟ್ಟ ಮಗಳ ಕೂದಲನ್ನೂ ಪರೀಕ್ಷಿಸಿದರು. ಎಲ್ಲದರಲ್ಲೂ ಅದೇ ಗೆರೆಗಳು. 1966ರಲ್ಲಿ ಅವರು ಅದರ ಗುಟ್ಟು ಬಿಡಿಸಿ ಹೇಳಿದರು, ಅದು ಪಿಸಿಬಿ. ಹಸುಗೂಸಿಗೆ ಅದು ತಾಯಿಯ ಹಾಲಿನಿಂದ ಬಂದಿರಬೇಕು ಎಂದು ಅವರು ತಿಳಿದರು. ಎರಡೇ ವರ್ಷಕ್ಕೆ, 1968ರಲ್ಲಿ, ಪಶ್ಚಿಮ ಜಪಾನಿನಲ್ಲಿ ಅಕ್ಕಿ ತೌಡಿನ ಅಡುಗೆ ಎಣ್ಣೆಗೆ ಫ್ಯಾಕ್ಟರಿಯ ಕೊಳವೆಯಿಂದ ಪಿಸಿಬಿ ಸೋರಿತು. ಆ ಎಣ್ಣೆ ತಿಂದ ಸಾವಿರಾರು ಜನ ಕಾಯಿಲೆ ಬಿದ್ದರು.

ಮೀನಿನಿಂದ ಹದ್ದಿಗೆ, ಹದ್ದಿನಷ್ಟೇ ಸಲೀಸಾಗಿ ಮನುಷ್ಯರಿಗೆ ಅದು ಏರಿದ್ದು ಹೇಗೆ? ಪಿಸಿಬಿಗೆ ನೀರು ಒಗ್ಗುವುದಿಲ್ಲ, ಕೊಬ್ಬು ಒಗ್ಗುತ್ತದೆ. ಲ್ಯಾಬಿನಲ್ಲಿ ಕೊಬ್ಬಿನ ಬದಲು ಆಕ್ಟನಾಲ್ ಎಂಬ ದ್ರವವನ್ನು ನೀರಿನ ಜೊತೆ ಇಟ್ಟು, ವಸ್ತು ಯಾವುದರಲ್ಲಿ ಎಷ್ಟು ಸೇರಿತು ಎಂದು ಅಳೆಯುತ್ತಾರೆ. ಎಷ್ಟೋ ಪಿಸಿಬಿಗಳಿಗೆ ಈ ಲೆಕ್ಕ ನೀರಿನಲ್ಲಿ ಒಂದು ಪಾಲು, ಆಕ್ಟನಾಲ್‌ನಲ್ಲಿ ಹತ್ತು ಲಕ್ಷ ಪಾಲು. ಅಳೆಯದೆ ಉಳಿದ ನಂಬರುಗಳಿಗೆ ಈ ಪ್ರಮಾಣವನ್ನು ಅಣುವಿನ ಆಕಾರದಿಂದ ಕಂಪ್ಯೂಟರ್ ಅಂದಾಜು ಮಾಡಿಕೊಡುತ್ತದೆ. ಕೆರೆಯ ನೀರನ್ನು ಪರೀಕ್ಷಿಸಿದಾಗ ಏನೂ ಸಿಗದಿರಬಹುದು, ಅದೇ ಕೆರೆಯ ಮೀನಿನಲ್ಲಿ ಸಿಗಬಹುದು. ಎಲ್ಲಿ ಹುಡುಕಬೇಕು ಎಂದು ಈ ಲೆಕ್ಕ ಹೇಳುತ್ತದೆ.

ಆದರೆ ಹುಡುಕಲು ಲೆಕ್ಕವೊಂದೇ ಸಾಲದು, ಎಣ್ಣೆಯ ಬಾಟಲಿ ಲ್ಯಾಬಿನ ಮೇಜಿನ ಮೇಲೆ ಬರಲೇಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಸಾಫ್ಟ್‌ವೇರಿನ ಊರಿನಲ್ಲಿ ಬೆಳೆಯುವ ನಿಮಗೆ ಪರದೆಯ ಮೇಲೆ ಬಂದದ್ದೆಲ್ಲ ನಿಜ ಅನ್ನಿಸಿಬಿಡಬಹುದು. ಕಂಪ್ಯೂಟರ್ ಹೇಳಿದ ಕೋನವನ್ನೋ ತೂಕವನ್ನೋ ನಿಜವಾದ ವಸ್ತುವಿನಲ್ಲಿ ಅಳೆದು ತಾಳೆ ನೋಡಿದ ಮೇಲೆಯೇ ವಿಜ್ಞಾನಿಗಳು ಅದನ್ನು ಒಪ್ಪುವುದು.

ಬೆಂಗಳೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯನ್ನು ಪರೀಕ್ಷಿಸುವ ದೊಡ್ಡ ಜಾಗ ಇದೆ, ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ. ಜನ ಸಿಪಿಆರ್‌ಐ ಎನ್ನುತ್ತಾರೆ. 1960ರಲ್ಲಿ ಆರಂಭವಾದ ಈ ಸಂಸ್ಥೆ ಸದಾಶಿವನಗರದ ಹತ್ತಿರ, ಸರ್ ಸಿ.ವಿ. ರಾಮನ್ ರಸ್ತೆಯಲ್ಲಿದೆ. ದೇಶದಲ್ಲಿ ಪಿಸಿಬಿ ಎಲ್ಲೆಲ್ಲಿ ಉಳಿದಿದೆ ಎಂದು ಪಟ್ಟಿ ಮಾಡಿ, ಅದನ್ನು ಸುರಕ್ಷಿತವಾಗಿ ನಾಶ ಮಾಡುವ ರಾಷ್ಟ್ರೀಯ ಯೋಜನೆಯಲ್ಲಿ ಕೇಂದ್ರ ಪರಿಸರ ಸಚಿವಾಲಯ, ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಘಟನೆ, ಭಿಲಾಯಿ ಉಕ್ಕಿನ ಕಾರ್ಖಾನೆಗಳ ಜೊತೆ ಸಿಪಿಆರ್‌ಐಯೂ ಕೈಜೋಡಿಸಿದೆ.

ಪರೀಕ್ಷೆ ಹೇಗೆ ಅಂತೀರಾ? ಅಪ್ಪಟ ಪಿಸಿಬಿ ಎಣ್ಣೆ ನೀರಿಗಿಂತ ಭಾರ, ಹನಿ ಹಾಕಿದರೆ ಮುಳುಗುತ್ತದೆ. ಖನಿಜ ಎಣ್ಣೆ ತೇಲುತ್ತದೆ. ಆದರೆ ಈಗ ಬರುವ ತೊಂದರೆ ಅಪ್ಪಟದ್ದಲ್ಲ, ಕಲಬೆರಕೆಯದು. ರಿಪೇರಿ ಮಾಡುವ ಕಡೆ ಒಂದು ಟ್ರಾನ್ಸ್‌ಫಾರ್ಮರಿನ ಎಣ್ಣೆಯನ್ನು ಪೈಪು ಹಾಕಿ ತೆಗೆದು, ಯಂತ್ರದಲ್ಲಿ ಸೋಸಿ, ಮತ್ತೆ ತುಂಬುತ್ತಾರೆ. ಆ ಯಂತ್ರದೊಳಗೆ ಹಿಂದಿನದರ ಎಣ್ಣೆ ಸ್ವಲ್ಪ ಉಳಿದೇ ಇರುತ್ತದೆ. ಹಿಂದಿನದರಲ್ಲಿ ಪಿಸಿಬಿ ಇದ್ದರೆ ಮುಂದಿನದಕ್ಕೂ ಹೋಯಿತು, ಅದರಿಂದ ಇನ್ನೊಂದಕ್ಕೂ. ಪಿಸಿಬಿಯನ್ನೇ ಎಂದೂ ತುಂಬಿಸದ ಟ್ರಾನ್ಸ್‌ಫಾರ್ಮರಿನಲ್ಲೂ ಅದು ಸಿಗುವುದು ಹೀಗೆ. ಸ್ಟಾಕ್‌ಹೋಮ್ ಒಪ್ಪಂದ (ಇಂಥ ಕೆಡದ ವಿಷಗಳನ್ನು ತಡೆಯಲು ದೇಶಗಳು ಸೇರಿ ಮಾಡಿಕೊಂಡದ್ದು) ಎಚ್ಚರಿಕೆಯ ಗೆರೆ ಎಳೆದಿರುವುದು ಹತ್ತು ಲಕ್ಷ ಪಾಲಿನಲ್ಲಿ 50 ಪಾಲಿಗೆ. 200 ಕಿಲೊ ಎಣ್ಣೆಯಲ್ಲಿ 10 ಗ್ರಾಂ. ಅಷ್ಟನ್ನು ಕಣ್ಣಿನಿಂದಾಗಲಿ ಮೂಗಿನಿಂದಾಗಲಿ ಪತ್ತೆ ಮಾಡಲಾಗದು.

ಹಾಗಾಗಿ ಎಣ್ಣೆಯನ್ನು ಉದ್ದನೆಯ, ಕೂದಲಿನಷ್ಟು ಸಣ್ಣ ತೂತಿನ ಕೊಳವೆಯಲ್ಲಿ ಬಿಸಿ ಅನಿಲದ ಜೊತೆ ಓಡಿಸುತ್ತಾರೆ. ಬೇರೆ ಬೇರೆ ನಂಬರಿನ ಪಿಸಿಬಿಗಳು ಬೇರೆ ಬೇರೆ ಹೊತ್ತಿಗೆ ಇನ್ನೊಂದು ತುದಿಗೆ ಬರುತ್ತವೆ. ಕ್ಲೋರಿನ್‌ಗೆ ಎಲೆಕ್ಟ್ರಾನ್ ಕಂಡರೆ ಕಸಿದುಕೊಳ್ಳುವ ಸ್ವಭಾವ. ಅದನ್ನೇ ಬಳಸಿಕೊಂಡು ಜೇಮ್ಸ್ ಲವ್‌ಲಾಕ್ 1957ರಲ್ಲಿ ಒಂದು ಪತ್ತೆಯಂತ್ರ ಮಾಡಿದರು. ಎಲೆಕ್ಟ್ರಾನ್‌ಗಳ ಹರಿವಿಗೆ ಅಡ್ಡಲಾಗಿ ಕ್ಲೋರಿನ್ ಇರುವ ಅಣು ಬಂದರೆ ಹರಿವು ತಗ್ಗುತ್ತದೆ, ಯಂತ್ರ ಗೆರೆ ಬರೆಯುತ್ತದೆ.

ಇನ್ನೊಂದು ಯಂತ್ರ ಅಣುಗಳನ್ನು ತೂಗುತ್ತದೆ. ಇಲ್ಲಿ ನಿಮಗೊಂದು ಸೊಗಸಾದ ಲೆಕ್ಕ ಇದೆ. ಕ್ಲೋರಿನ್‌ನಲ್ಲಿ ಹಗುರದ್ದು 35, ಭಾರದ್ದು 37 ಎಂದು ಎರಡು ತೂಕ. ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ಹಗುರ, ಒಂದು ಭಾರ. ಒಂದೇ ಕ್ಲೋರಿನ್ ಇರುವ ಅಣುವಿಗೆ ಯಂತ್ರ ಎರಡು ಗೆರೆ ಬರೆಯುತ್ತದೆ, ಎತ್ತರ 3ಕ್ಕೆ 1. ಎರಡು ಕ್ಲೋರಿನ್ ಇದ್ದರೆ ಮೂರು ಗೆರೆ, 9, 6, 1. ಏಕೆಂದರೆ ಎರಡೂ ಹಗುರ ಆಗುವುದು 3×3 ಬಗೆ, ಒಂದು ಹಗುರ ಒಂದು ಭಾರ ಆಗುವುದು 3+3 ಬಗೆ, ಎರಡೂ ಭಾರ ಆಗುವುದು ಒಂದೇ ಬಗೆ. ಐದು ಕ್ಲೋರಿನ್‌ನ ಪಿಸಿಬಿಗೆ 324, 326, 328, 330, 332, 334 ಎಂಬ ಆರು ತೂಕಗಳಲ್ಲಿ ಗೆರೆ ಬರುತ್ತದೆ. ಅವುಗಳ ಎತ್ತರ 243, 405, 270, 90, 15, 1. ಎರಡನೆಯದೇ ಎಲ್ಲಕ್ಕಿಂತ ಎತ್ತರ. ಎಣ್ಣೆಯೊಳಗೆ ಬೇರೆ ಸಾವಿರ ಬಗೆಯ ಅಣುಗಳಿದ್ದರೂ ಈ ಆರು ಗೆರೆ ಇದೇ ಎತ್ತರದಲ್ಲಿ ಕಂಡರೆ ಐದು ಕ್ಲೋರಿನ್ ಇದೆ ಎಂದು ಪರೀಕ್ಷಿಸುವವರು ಹೇಳಿಬಿಡುತ್ತಾರೆ. ಕಾಗದದ ಮೇಲೆ ನೀವು ಗುಣಿಸಿ ತೆಗೆದ ಸಂಖ್ಯೆಯೂ ಯಂತ್ರ ಬರೆದ ಗೆರೆಯೂ ತಾಳೆಯಾಗುವುದನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ.

2016ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಿಸಿಬಿ ಬಗ್ಗೆ ಆದೇಶ ಹೊರಡಿಸಿತು. ತಯಾರಿಸುವಂತಿಲ್ಲ, ಹೊರಗಿನಿಂದ ತರುವಂತಿಲ್ಲ. ಬಳಕೆ ಪೂರ್ತಿ ನಿಲ್ಲಲು 2025ರ ಡಿಸೆಂಬರ್ 31ರ ಗಡುವು, ಕಲಬೆರಕೆಯಾದ ಯಂತ್ರಗಳನ್ನು ಶುದ್ಧ ಮಾಡಿ ಮುಗಿಸಲು 2028ರ ಡಿಸೆಂಬರ್ 31. ಶುದ್ಧ ಮಾಡುವುದೆಂದರೆ ಕ್ಲೋರಿನ್ ಬಿಡಿಸುವುದು. ಸೋಡಿಯಂನಂಥ ಲೋಹದ ಜೊತೆ ಎಣ್ಣೆಯನ್ನು ಕಲಸಿದಾಗ ಕ್ಲೋರಿನ್ ಉಂಗುರದಿಂದ ಕಳಚಿ ಸೋಡಿಯಂ ಜೊತೆ ಸೇರುತ್ತದೆ. ಹಾಗೆ ಸೇರಿ ಆದದ್ದು ಏನು ಗೊತ್ತೇ? ಅಡುಗೆ ಉಪ್ಪು. ಅಪ್ಪಟ ಪಿಸಿಬಿಯನ್ನಾದರೆ ಬಹಳ ಹೆಚ್ಚಿನ ಶಾಖದ, ಅದಕ್ಕೆಂದೇ ಕಟ್ಟಿದ ಕುಲುಮೆಯಲ್ಲಿ ನಾಶ ಮಾಡುತ್ತಾರೆ.

ಬಯಲಿನಲ್ಲಿ ಸುಟ್ಟರೆ ಆಗದೇ ಎಂದು ಕೇಳಬಹುದು. 1981ರ ಫೆಬ್ರವರಿಯಲ್ಲಿ ಅಮೆರಿಕದ ಬಿಂಗ್‌ಹ್ಯಾಂಟನ್ ಊರಿನ 18 ಮಹಡಿಯ ಸರ್ಕಾರಿ ಕಚೇರಿಯಲ್ಲಿ ಪಿಸಿಬಿ ತುಂಬಿದ ಟ್ರಾನ್ಸ್‌ಫಾರ್ಮರ್ ಇದ್ದ ಕೋಣೆಗೆ ಬೆಂಕಿ ಬಿತ್ತು. ಬೆಂಕಿ ಬೇಗ ಆರಿತು. ಆದರೆ ಅರೆಬರೆ ಶಾಖದಲ್ಲಿ ಪಿಸಿಬಿ, ಡಯಾಕ್ಸಿನ್‌ನಂಥದೇ ವಿಷವಾದ ಫ್ಯುರಾನ್, ಡಯಾಕ್ಸಿನ್‌ಗಳಾಗಿ ಬದಲಾಗಿ, ಮಸಿಯ ಜೊತೆ ಎಲ್ಲ ಮಹಡಿಗಳಿಗೂ ಹರಡಿತ್ತು. ಆ ಕಟ್ಟಡವನ್ನು ಮತ್ತೆ ತೆರೆದದ್ದು 1994ರಲ್ಲಿ. ತಾಮ್ರ ಸಿಗಲಿ ಎಂದು ಗುಜರಿ ಅಂಗಳದಲ್ಲಿ ಪಿವಿಸಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಸುಡುತ್ತಾರಲ್ಲ, ಪಿವಿಸಿಯಲ್ಲೂ ಕ್ಲೋರಿನ್ ಇದೆ, ಆ ಹೊಗೆಯಲ್ಲೂ ಡಯಾಕ್ಸಿನ್ ಹುಟ್ಟುತ್ತದೆ. ಅಂಥ ಹೊಗೆ ಕಂಡರೆ ಗಾಳಿ ಬೀಸುವ ದಿಕ್ಕು ಬಿಟ್ಟು ದೂರ ಹೋಗಿ, ಮನೆಯಲ್ಲಿ ಹೇಳಿ.

ಡಯಾಕ್ಸಿನ್‌ನ ಲೆಕ್ಕ ನಿಮಗೇ ಬಿಟ್ಟಿದ್ದೇನೆ. ರಟ್ಟಿನ ಎರಡು ಷಟ್ಕೋನಗಳನ್ನು ಈ ಸಲ ಒಂದು ಕಡ್ಡಿಯ ಬದಲು ಎರಡು ಕಡ್ಡಿಗಳಿಂದ ಜೋಡಿಸಿ, ಪ್ರತಿ ಷಟ್ಕೋನದ ಎರಡು ಪಕ್ಕಪಕ್ಕದ ಮೂಲೆಗಳಿಂದ ಒಂದೊಂದು ಕಡ್ಡಿ, ಕಡ್ಡಿಯ ನಡುವೆ ಆಕ್ಸಿಜನ್ ಎಂದು ಒಂದೊಂದು ಮಣಿ. ಈಗ ಯಾವ ಉಂಗುರವೂ ತಿರುಗಲಾರದು. ಖಾಲಿ ಉಳಿದದ್ದು ಎಂಟು ಮೂಲೆ. ಒಂದು ಬೀಜ ಇಡುವ ಬಗೆ 2 ಎಂದು ಸುಲಭವಾಗಿ ಗೊತ್ತಾಗುತ್ತದೆ. ಎರಡು, ಮೂರು, ನಾಲ್ಕು ಬೀಜ ಇಟ್ಟು ಮಗುಚಿ, ತಿರುಗಿಸಿ, ಬರೆದುಕೊಳ್ಳುತ್ತ ಹೋಗಿ. ಎಂಟರವರೆಗೆ ಕೂಡಿಸಿದಾಗ 75 ಬರಬೇಕು.